ಹನ್ನೊಂದು ರಾಡುಗಳ ಕೆಳಗೆ

೧೭ ಸೆಪ್ಟೆಂಬರ್ ೨೦೧೧, ಶನಿವಾರ

ಬೋರ್ ಲಾರಿ ಬಂತು. ಒಂಬತ್ತು ವರ್ಷ ಅರ್ಜಿ ಬರೆದು ಬರೆದು ನನ್ನ ಬಲಗೈಯ ನಡುಬೆರಳಿನಲ್ಲಿ ಗಂಟು ಕಟ್ಟಿದೆ. ಅರ್ಜಿಗಳಿಗೆ ಉತ್ತರವಾಗಿ ಇವತ್ತು ಕೇರಿಯ ಬೇವಿನ ಮರದ ಬುಡದಲ್ಲಿ ಎರಡು ಲಾರಿ ನಿಂತಿವೆ. ಒಂದರ ಮೇಲೆ ಕೊರೆಯುವ ಮಿಷನ್ನು, ಇನ್ನೊಂದರ ಮೇಲೆ ಗಾಳಿ ಊದುವ ಕಂಪ್ರೆಸರು.

ಊರಿಗೆ ನಲ್ಲಿ ಇದೆ. ಆ ನಲ್ಲಿಯ ಪೈಪು ಹನುಮಂತನ ಗುಡಿಯ ತನಕ ಬಂದು, ಮುಂದೆ ಮಾದಿಗರ ಕೇರಿ ಎಂದು ಗೊತ್ತಾದ ಹಾಗೆ ಅಲ್ಲೇ ನಿಂತುಬಿಟ್ಟಿದೆ. ನಮ್ಮ ಹೆಂಗಸರು ಹಳ್ಳದ ಮರಳು ತೋಡಿ ಒರತೆ ನೀರು ತರುತ್ತಾರೆ. ಹೋಗಿ ಬರಲು ಒಂದೂವರೆ ತಾಸು. ನನ್ನನ್ನು ಸಾಕಿದ ಚಿಗವ್ವ ಬುಚ್ಚಮ್ಮನ ನೆತ್ತಿ ಕೊಡ ಹೊತ್ತು ಹೊತ್ತು ಬೋಳಾಗಿದೆ.

ಮಂಜೂರಾಗಿರುವುದು ಒಂದೇ ಬೋರು. ತೂತು ಬಿದ್ದರೆ ಸಾಕು, ನೀರು ಬರಲಿ ಬಿಡಲಿ, ದಫ್ತರಿನಲ್ಲಿ 'ಕೊರೆಯಲಾಗಿದೆ' ಎಂದು ಬೀಳುತ್ತದೆ. ಎರಡನೆಯದು ನಮ್ಮ ಜನ್ಮದಲ್ಲಿ ಇಲ್ಲ.

ಡ್ರಿಲ್ಲರನ ಹೆಸರು ಮಾರ್ಕಂಡೇಯ. ನಾರಾಯಣಪೇಟೆಯ ನೇಕಾರರವನು, ನಲವತ್ತರ ಆಸುಪಾಸು. ಮಗ್ಗ ಬಿಟ್ಟು ಒಂಬತ್ತು ವರ್ಷದಿಂದ ಈ ಲಾರಿ ಹತ್ತಿದ್ದಾನೆ. ಜೊತೆಗೆ ಉಂಡವಳ್ಳಿಯ ಇಬ್ಬರು ಕೂಲಿಯವರು. ಲಾರಿಯ ಮಾಲೀಕ ಗದ್ವಾಲದಲ್ಲಿ ಕೂತಿರುವ ಗುತ್ತಿಗೆದಾರ, ಕರಾವಳಿ ಆಂಧ್ರದವನು. ಅವನ ಮಿಷನ್ನು ನಮ್ಮ ನೆಲ ಕೊರೆಯುವುದು ನನಗೆ ಸಹಿಸಲಾಗದು. ಆದರೆ ನೀರು ನಮ್ಮದು.

ಪ್ರತ್ಯೇಕ ತೆಲಂಗಾಣಕ್ಕಾಗಿ ಸಕಲ ಜನರ ಸಮ್ಮೆ, ಅಂದರೆ ಮುಷ್ಕರ, ಶುರುವಾಗಿ ಐದು ದಿನ. ನಾನು ಕಲಿಸುವ ಗಡಿಯ ಕನ್ನಡ ಶಾಲೆಗೆ ನಾನೇ ಬೀಗ ಜಡಿದೆ. ಊರಿನ ಹೋರಾಟ ಸಮಿತಿಯ ಸಂಚಾಲಕನೂ ನಾನೇ. ರಾಯಚೂರಿನಲ್ಲಿ ಓದುವಾಗ ದಲಿತ ಸಂಘಟನೆಯ ಭಿತ್ತಿಪತ್ರ ಅಂಟಿಸಿದ ಕೈಗಳಿವು. ಈ ಸಲ ತೆಲಂಗಾಣ ಬರದೆ ಹೋದರೆ ಈ ಕೈ ಸುಮ್ಮನಿರುವುದಿಲ್ಲ.

ಸಂಜೆಗೆ ನೂರ ನಲವತ್ತು ಅಡಿ.

೧೮ ಸೆಪ್ಟೆಂಬರ್, ಭಾನುವಾರ

ಎಂಥ ದಿನ! ಮಕ್ತಲ್–ರಾಯಚೂರು ರಸ್ತೆಯನ್ನು ನಾಲ್ಕು ತಾಸು ಹಿಡಿದಿಟ್ಟೆವು. ರಸ್ತೆಯ ನಡುವೆಯೇ ಒಲೆ ಹೂಡಿ, ಹಂಡೆಯಲ್ಲಿ ಅನ್ನ ಬೇಯಿಸಿ ಉಂಡೆವು. ಊರವರೂ ಕೇರಿಯವರೂ ಒಂದೇ ಸಾಲಿನಲ್ಲಿ ಕೂತದ್ದು ನಾನು ಹುಟ್ಟಿದ ಮೇಲೆ ಇದೇ ಮೊದಲು.

ಹನ್ನೊಂದರಿಂದ ಹನ್ನೆರಡರವರೆಗೆ ಊರಿನ ಎಲ್ಲ ಯಂತ್ರವೂ ನಿಲ್ಲಬೇಕೆಂದು ಸಮಿತಿ ತೀರ್ಮಾನಿಸಿತ್ತು. ಹಿಟ್ಟಿನ ಗಿರಣಿ ನಿಂತಿತು. ಟ್ರ್ಯಾಕ್ಟರು ನಿಂತವು. ಬೋರ್ ಲಾರಿ ಒಂದೇ ಗರ್ಜಿಸುತ್ತಿತ್ತು, ಮೈಕಿನ ಮಾತು ಕೇಳದಷ್ಟು. ನಾನೇ ಹೋದೆ. ಮಾರ್ಕಂಡೇಯ ಕೈ ಅಡ್ಡ ಹಿಡಿದ.

"ಅರ್ಧ ತಾಸು ಕೊಡ್ರಿ ಸಾರ್. ರಾಡ್ ಮ್ಯಾಲ ಎತ್ತಿ ಬಂದ್ ಮಾಡ್ತೀನಿ. ಹ್ಯಾಮರ್ ತಳದಾಗ ಇದ್ದಾಗ ಗಾಳಿ ನಿಲ್ಲಸಬಾರದು."

"ನಿನ್ನ ಧಣಿಗೆ ಹೆದರಿಕೋತ ಕುಂದರು. ಸಮ್ಮೆಗೆ ಅರ್ಧ ತಾಸಿನ ರಜಾ ಇಲ್ಲ" ಎಂದೆ. "ಆಂಧ್ರದವರ ಅನ್ನ ಉಂಡವರಿಗೆ ಇದು ತಿಳಿಯಂಗಿಲ್ಲ."

ಹುಡುಗರೆಲ್ಲ ಚಪ್ಪಾಳೆ ಹೊಡೆದರು. ನಾನೇ ಲಾರಿ ಹತ್ತಿ ಎಂಜಿನ್ನಿನ ಕೀಲಿ ತಿರುವಿ ನಿಲ್ಲಿಸಿದೆ. ಆ ಮೇಲಿನ ಮೌನ ಇದೆಯಲ್ಲ, ಅದು ಸಮ್ಮೆಯ ಮೌನ. ಎದೆ ತುಂಬಿ ಬಂತು.

ಭಾಷಣಗಳು ಉದ್ದವಾಗಿ ಎರಡೂವರೆ ಆಯಿತು. ನನ್ನದೇ ನಲವತ್ತು ನಿಮಿಷ ಆಗಿರಬೇಕು. ಜನ ಅಲ್ಲಾಡಲಿಲ್ಲ.

ಮತ್ತೆ ಶುರು ಮಾಡಿದಾಗ ರಾಡು ಸುತ್ತುತ್ತಿಲ್ಲವಂತೆ. ಹಳೆಯ ಮಿಷನ್ನು. ನಾಳೆ ನೋಡೋಣ.

೧೯ ಸೆಪ್ಟೆಂಬರ್

ಸುತ್ತುತ್ತಿಲ್ಲ. ಮೇಲೆ ಬರುತ್ತಿಲ್ಲ. ಇಪ್ಪತ್ತು ಅಡಿಯದೊಂದು, ಅಂಥ ಹನ್ನೊಂದು ರಾಡು ಒಳಗಿವೆ. ಎಲ್ಲದರ ಕೆಳಗೆ ಕಲ್ಲು ಕುಟ್ಟುವ ಹ್ಯಾಮರು. ಇನ್ನೂರ ಇಪ್ಪತ್ತು ಅಡಿಯಲ್ಲಿ ಭೂಮಿ ಅದನ್ನು ಕಚ್ಚಿ ಹಿಡಿದಿದೆ.

ಮಾರ್ಕಂಡೇಯ ವಿವರಿಸಿದ. ಕೊರೆದ ಕಲ್ಲಿನ ಪುಡಿಯನ್ನು ಗಾಳಿ ಮೇಲೆ ಊದುತ್ತಿರುತ್ತದೆ. ಗಾಳಿ ನಿಂತರೆ ಅಷ್ಟೂ ಪುಡಿ ಕೆಳಗಿಳಿದು ಹ್ಯಾಮರಿನ ಹೆಗಲ ಮೇಲೆ ಕೂಡುತ್ತದೆ. ತಳದಲ್ಲಿ ತೇವ ಇತ್ತು. "ಗಾಳಿ ಇದ್ರ ಧೂಳು ಸಾರ್, ಗಾಳಿ ನಿಂತ್ರ ಗಚ್ಚು" ಎಂದ. ಅವನು ನನ್ನ ಮುಖ ನೋಡಿ ಹೇಳಲಿಲ್ಲ. ರಾಡನ್ನು ನೋಡುತ್ತ ಹೇಳಿದ.

ಹಾಗಿದ್ದರೆ ಮೊದಲೇ ಬಿಡಿಸಿ ಹೇಳಬೇಕಿತ್ತು. ಅನುಭವವಿರುವವನು ಅವನು, ನಾನಲ್ಲ. ಅದೂ ಅಲ್ಲದೆ ಗುತ್ತಿಗೆದಾರ ಒಳ್ಳೆಯ ಮಿಷನ್ನು ಕಳಿಸಿದ್ದರೆ ಹೀಗಾಗುತ್ತಿರಲಿಲ್ಲ. ದಲಿತರ ಕೇರಿಗೆ ಎಂಥದಾದರೂ ನಡೆಯುತ್ತದೆ ಎಂಬ ಸೊಕ್ಕು. ಕರಪತ್ರಕ್ಕೆ ಒಳ್ಳೆಯ ವಿಷಯ.

ಇವತ್ತಿನಿಂದ ಬಸ್ಸೂ ಬಂದ್.

೨೦ ಸೆಪ್ಟೆಂಬರ್

ಸಮಿತಿಯ ಹುಡುಗರು ಎರಡು ಟ್ರ್ಯಾಕ್ಟರು ತಂದರು. ಸರಪಳಿ ಕಟ್ಟಿ, ಜೈಕಾರ ಹಾಕಿ ಎಳೆದೆವು. ಮಾರ್ಕಂಡೇಯ "ಬ್ಯಾಡ್ರಿ, ಎಳದಷ್ಟೂ ಬಿಗೀತದ" ಎಂದು ಕೂಗಿದ್ದು ಜೈಕಾರದಲ್ಲಿ ಕೇಳಲಿಲ್ಲ. ಸರಪಳಿ ಹರಿದು ಬೇವಿನ ಮರದ ತೊಗಟೆ ಸುಲಿಯಿತು. ತಲೆಗೆ ಬಡಿದಿದ್ದರೆ ಹೆಣ ಬೀಳುತ್ತಿತ್ತು.

ಬುಚ್ಚಮ್ಮ ಕೊಡ ಇಳಿಸಿ ನೋಡಿದಳು. "ಹಲ್ಲು ಕೀಳಾಕ ಎತ್ತು ಕಟ್ಟಿದ್ರೇನಪ್ಪ?" ಎಂದು ಹೇಳಿ ಹೋದಳು.

೨೨ ಸೆಪ್ಟೆಂಬರ್, ಗುರುವಾರ

ಬೋರಿನವರು ಇಂಥ ಹೊತ್ತಿನಲ್ಲಿ ನೊರೆ ಬರುವ ಔಷಧಿ ಹೊಯ್ಯುತ್ತಾರಂತೆ. ಮಕ್ತಲಿನ ಅಂಗಡಿಗಳಿಗೆ ಬೀಗ. ಆ ಬೀಗ ಹಾಕಿಸಿದವರಲ್ಲಿ ನಾನೂ ಒಬ್ಬ. ಅಂಗಡಿಯವನ ಮನೆಯ ಹಿಂಬಾಗಿಲು ತಟ್ಟಲೇ ಎಂದು ಒಂದು ಗಳಿಗೆ ಅನ್ನಿಸಿತು. ಹೋಗಲಿಲ್ಲ.

ಮಾರ್ಕಂಡೇಯನೇ ದಾರಿ ಹೇಳಿದ. ಅವರ ಮನೆಯಲ್ಲಿ ರೇಷ್ಮೆ ನೂಲು ಬೇಯಿಸುವಾಗ ಸಾಬೂನು, ಸೋಡಾ ಹಾಕುತ್ತಾರೆ. ನೂಲಿನ ಅಂಟು ಅದರಲ್ಲಿ ಬಿಡುತ್ತದೆ. "ನಮ್ಮವ್ವ ಕುದಿಸಿದ ನೀರು ಅಂಗಳದಾಗ ಚೆಲ್ಲಿದ್ರ ನಾವು ಜಾರಿ ಜಾರಿ ಬೀಳತಿದ್ವಿ. ಆ ನೀರು ಬೇಕ್ರಿ. ಬಿಸಿ ಇರಬೇಕು, ಗಟ್ಟಿ ಇರಬೇಕು, ಬಾಳ ಬೇಕು."

ಸಾಬೂನು ಎಲ್ಲಿಂದ? ಬುಚ್ಚಮ್ಮ ಬುಟ್ಟಿ ಹಿಡಿದು ಮನೆಮನೆ ತಿರುಗಿದಳು. ಅರವತ್ತು ಮನೆಯ ಸಾಬೂನಿನ ಚೂರು ಬಂದವು. ಸವೆದವು, ಕೂದಲು ಅಂಟಿದವು, ಮೈಯವು, ಬಟ್ಟೆಯವು. ಕೇರಿಯ ತುದಿಮನೆಯ ಕಿಷ್ಟಮ್ಮ ಮಗಳ ಮದುವೆಗೆ ಇಟ್ಟಿದ್ದ ವಾಸನೆ ಸಾಬೂನನ್ನು ಕಾಗದ ಸಮೇತ ತಂದಳು. "ಇದನ್ನ ಕಡೀಗೆ ಹಾಕ್ರಿ. ಬ್ಯಾರೆ ಸಾಬೂನಿನಾಗ ರಾಡ್ ಬಿಟ್ರ ನಂದು ನನಗ ಕೊಡ್ರಿ" ಎಂದಳು.

ರಸ್ತೆಯಲ್ಲಿ ಅನ್ನ ಬೇಯಿಸಿದ ಹಂಡೆಯಲ್ಲೇ ಸಾಬೂನು ಕುದಿಸಿದೆವು. ನೀರನ್ನು ಒರತೆಯಿಂದಲೇ ಹೊತ್ತರು. ನೀರು ಬೇಕೆಂದು ನೆಲಕ್ಕೆ ನೀರು ಹೊಯ್ಯುವುದು! ಒಂದು ಸಲಕ್ಕೆ ಹದಿನಾರು ಕೊಡ.

ಹೊಯ್ದು ಎರಡು ತಾಸು ಕಾಯುವುದು. ಆಮೇಲೆ ರಾಡಿನ ಕೊರಳಿಗೆ ಹಿಡಿಕೆ ಬಿಗಿದು, ಎರಡೂ ಕಡೆ ಜಾಕಿ ಕೊಟ್ಟು ಇಷ್ಟಿಷ್ಟೇ ಎತ್ತುವುದು, ಇಳಿಸುವುದು. ಉಲ್ಟಾ ಸುತ್ತಿಸುವಂತಿಲ್ಲ. ಸುತ್ತಿಸಿದರೆ ರಾಡಿನ ತಿರುಪು ಬಿಚ್ಚಿ ಹ್ಯಾಮರು ಕೆಳಗೇ ಉಳಿಯುತ್ತದೆ.

ಎಷ್ಟು ಕದಲಿತೆಂದು ನೋಡಲು ಶಾಲೆಯ ಕಿಟಕಿಯಿಂದ ಕೈ ಹಾಕಿ ಸೀಮೆಸುಣ್ಣ ತಂದೆ. ರಾಡಿಗೆ ಗೆರೆ ಎಳೆದೆ. ಸಂಜೆಗೆ ಗೆರೆ ಗೆರೆಯಲ್ಲೇ ಇತ್ತು.

೨೩ ಸೆಪ್ಟೆಂಬರ್, ಶುಕ್ರವಾರ

ಗುತ್ತಿಗೆದಾರನ ಮೇಲ್ವಿಚಾರಕ ಗುರುಲಿಂಗ ಮೋಟಾರುಬೈಕಿನಲ್ಲಿ ಬಂದ. ಹಣೆಯ ವಿಭೂತಿ ಬೆವರಿಗೂ ಅಳಿಸುವುದಿಲ್ಲ. ಕಿಸೆಯಲ್ಲಿ ಬರೆದು ತಂದ ಪಂಚನಾಮೆ: 'ಊರಿನವರು ಕೆಲಸಕ್ಕೆ ಅಡ್ಡಿ ಮಾಡಿದ್ದರಿಂದ ಬೋರು ಕೆಟ್ಟಿದೆ.' ಐದು ಜನರ ಸಹಿ ಬೇಕು.

ಅದಕ್ಕೆ ಸಹಿ ಬಿದ್ದರೆ ನಮ್ಮ ಬೋರು ಮುಗಿದ ಕಥೆ. ಕರಾರಿನ ಪ್ರಕಾರ ಕೊರೆಯುವವರ ತಪ್ಪಿದ್ದರೆ ಮಾತ್ರ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಇನ್ನೊಂದು ಬೋರು ಹಾಕಿಕೊಡಬೇಕು. ನನಗೆ ಕರಾರು ಓದಲು ಬರುತ್ತದೆ. ಒಂಬತ್ತು ವರ್ಷ ಅದನ್ನೇ ಓದಿದ್ದೇನೆ.

ಅವನ ಕಾಗದ ಹರಿದು ನಾನೇ ಬರೆದೆ. 'ಡ್ರಿಲ್ಲರ್ ಮಾರ್ಕಂಡೇಯ, ತಂದೆ ಸಾಯಣ್ಣ, ನಾರಾಯಣಪೇಟೆ, ಇವನ ಬೇಜವಾಬ್ದಾರಿಯಿಂದ ಹ್ಯಾಮರು ಸಿಕ್ಕಿಬಿದ್ದಿದ್ದು...' ಒಂದು ಅಕ್ಷರವೂ ಹೊಡೆದು ಹಾಕದೆ ಬರೆದೆ. ಐದು ಸಹಿ, ಮೊದಲನೆಯದು ನನ್ನದು.

ಗುರುಲಿಂಗ ಓದಿ ನಕ್ಕ. "ಭೇಷ್ ಬರದೀರಿ ಮಾಸ್ತರ. ಧಣಿಗೆ ಒಂದು ತೂತು ಖರ್ಚು. ಈತನ ಕೆಲಸ ಹೋತು. ಹ್ಯಾಮರ್ ಬಿಟ್ಟು ಬಂದ ಡ್ರಿಲ್ಲರನ್ನ ಮುಂದ ಯಾವ ಲಾರಿಯವರೂ ಹತ್ತಿಸ್ಕೊಳ್ಳಂಗಿಲ್ಲ. ನಮಗೇನ್ರಿ, ಬ್ಯಾರೆಯವ ಸಿಗ್ತಾನ."

ಹೆದರಿಸುವ ಮಾತು. ಗುತ್ತಿಗೆದಾರನನ್ನು ಅವನ ಕರಾರಿನಿಂದಲೇ ಹೊಡೆದೆ. ಕೇರಿಗೆ ನೀರು ಬಂದೇ ಬರುತ್ತದೆ. ಇಂದು ನೆಮ್ಮದಿಯಾಗಿರಬೇಕು. ತಲೆ ನೋಯುತ್ತಿದೆ. ಬಿಸಿಲು.

೨೪ ಸೆಪ್ಟೆಂಬರ್, ಶನಿವಾರ

ರೈಲ್‌ರೋಕೋ. ಕೃಷ್ಣಾ ಸ್ಟೇಷನ್ನಿನಲ್ಲಿ ಹಳಿಯ ಮೇಲೆ ಕೂತೆವು. ಒಂದು ರೈಲೂ ಬರಲಿಲ್ಲ, ಆದ್ದರಿಂದ ತಡೆಯುವುದಕ್ಕೂ ಏನೂ ಇರಲಿಲ್ಲ. ಕೂಗಿ ಕೂಗಿ ಗಂಟಲು ಕೂತಿತು.

ಮಧ್ಯಾಹ್ನ ಮರಳಿದಾಗ ಮಾರ್ಕಂಡೇಯ ಒಬ್ಬನೇ ಜಾಕಿ ಒತ್ತುತ್ತಿದ್ದ. ಕೂಲಿಯವರು ಮಲಗಿದ್ದರು. ನನಗೆ ರೊಟ್ಟಿ ಎತ್ತಿಟ್ಟಿದ್ದ. ತಿಂದೆ. ತಿಂದಾದ ಮೇಲೆ ಹೇಳಿದ:

"ಗುರುಲಿಂಗಣ್ಣ ಕಾಗದ ತೋರಿಸಿದ ಸಾರ್."

ನಾನು ಕೈಗಂಟಿದ ರೊಟ್ಟಿ ಹಿಟ್ಟು ಒರೆಸಿಕೊಂಡೆ.

"ನನ್ನ ಹೆಸರು ಬರದೀರಿ, ಆತು. ನಮ್ಮಪ್ಪನ ಹೆಸರು ಯಾಕ ಬರದ್ರಿ? ಆತ ಮಗ್ಗದ ಕುಣ್ಯಾಗ ಕಾಲಿಟ್ಟು ಕುಂತವ, ಒಂದು ಎಳಿ ತಪ್ಪು ನೇಯ್ದಿಲ್ಲ. ಸತ್ತು ಆರು ವರ್ಷ ಆತು."

ಪಂಚನಾಮೆಯಲ್ಲಿ ತಂದೆಯ ಹೆಸರು ಬರೆಯಲೇಬೇಕು, ಅದು ಪದ್ಧತಿ ಎಂದೆ. "ಹೌದೇನ್ರಿ" ಎಂದು ಮತ್ತೆ ಜಾಕಿಗೆ ಹೋದ.

ಬೈದಿದ್ದರೆ ಉತ್ತರ ಕೊಡಬಹುದಿತ್ತು.

೨೫ ಸೆಪ್ಟೆಂಬರ್

ಹಳಿಯ ಮೇಲೆ ಇವತ್ತೂ ಕೂರಬೇಕಿತ್ತು. ಗಂಟಲಿಲ್ಲ ಎಂದು ಹೇಳಿ ಕಳಿಸಿದೆ. ಜಾಕಿಯ ಒಂದು ಕಡೆ ನಾನು ಕೂತೆ. ಎರಡೂ ಕಡೆ ಒಂದೇ ಸಮ ಒತ್ತಬೇಕು, ಇಲ್ಲದಿದ್ದರೆ ರಾಡು ಸೊಟ್ಟಾಗುತ್ತದೆ. "ನನ್ನ ಕೈ ನೋಡಬ್ಯಾಡ್ರಿ, ಉಸುರು ಕೇಳ್ರಿ" ಎಂದ ಮಾರ್ಕಂಡೇಯ. ಅವನು ಉಸಿರು ಬಿಟ್ಟಾಗ ಒತ್ತುವುದು.

ಗೆರೆ ಕದಲಿಲ್ಲ. ಕದಲಿದಂತೆ ಕಂಡದ್ದು ಬಿಸಿಲಿಗೆ.

೨೬ ಸೆಪ್ಟೆಂಬರ್

ಹದಿನಾರು ಕೊಡ. ಕಾಯುವುದು. ಒತ್ತುವುದು. ಹದಿನಾರು ಕೊಡ.

ಅಂಗೈಯಲ್ಲಿ ಬೊಬ್ಬೆ. ಬೋರಿನ ಬಾಯಿಗೆ ಕಿವಿಯಿಟ್ಟರೆ ಕೆಳಗೆ ನೊರೆ ಒಡೆಯುವ ಸದ್ದು ಕೇಳುತ್ತದೆ, ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ. ಆ ಸದ್ದು ಎಷ್ಟು ಹೊತ್ತು ಕೇಳುತ್ತದೋ ಅಷ್ಟು ಕೆಳಗೆ ನೀರು ಇಳಿದಿದೆ ಎಂದು ಲೆಕ್ಕ. ಇವತ್ತು ನಿನ್ನೆಗಿಂತ ಹೆಚ್ಚು ಹೊತ್ತು ಕೇಳಿತು. ಅವನಿಗೆ ಹೇಳಿದೆ. ಅವನೂ ಕಿವಿಯಿಟ್ಟು ತಲೆಯಾಡಿಸಿದ.

ಸಮ್ಮೆಯ ಶಿಬಿರದಿಂದ ಕರೆಯಲು ಬಂದವರಿಗೆ ಏನು ಹೇಳಿ ಕಳಿಸಿದೆನೋ ನೆನಪಿಲ್ಲ.

೨೭ ಸೆಪ್ಟೆಂಬರ್

ಒಂದು ಬೆರಳು ಕದಲಿತು.

೨೮ ಸೆಪ್ಟೆಂಬರ್, ಬುಧವಾರ

ಗುರುಲಿಂಗ ಬಂದ. ಧಣಿ ನನ್ನ ಪಂಚನಾಮೆ ಒಪ್ಪಿಕೊಂಡಿದ್ದಾನೆ. ಶುಕ್ರವಾರ ರಾಡು ಕತ್ತರಿಸಿ ಲಾರಿ ವಾಪಸು. ಮಾರ್ಕಂಡೇಯ ಇಳಿಯಬೇಕು. ದಸರೆ ಕಳೆದ ಮೇಲೆ ಬೇರೆ ಡ್ರಿಲ್ಲರು, ಬೇರೆ ಜಾಗ, ಹೊಸ ಬೋರು.

ಕೇರಿ ಹಿಗ್ಗಿತು. ಕೊಡಗಳು ಮನೆ ಸೇರಿದವು, ಹಂಡೆಯ ಕೆಳಗಿನ ಬೆಂಕಿ ಆರಿತು. ಕಿಷ್ಟಮ್ಮ ತನ್ನ ವಾಸನೆ ಸಾಬೂನು ವಾಪಸು ಒಯ್ದಳು. "ಮಾಸ್ತರ್ ಬರದ್ರ ಬರದಂಗ" ಎಂದರು. ನಾನು ಗೆದ್ದಿದ್ದೇನೆ.

ಮಾರ್ಕಂಡೇಯ ಒಬ್ಬನೇ ಜಾಕಿಯ ಹತ್ತಿರ ಕೂತು, ಇನ್ನೊಂದು ಕಡೆಗೆ ಯಾರು ಬರುತ್ತಾರೆ ಎಂದೂ ನೋಡದೆ, ಒಂದು ಕಡೆ ಸ್ವಲ್ಪ ಒತ್ತಿ ಎದ್ದು ಹೋಗಿ ಇನ್ನೊಂದು ಕಡೆ ಒತ್ತುತ್ತಿದ್ದ.

ಊಟಕ್ಕೆ ಕೂತಾಗ ಬುಚ್ಚಮ್ಮ ಕೇಳಿದಳು: "ಏನ್ ಬರದಿ ಆ ಕಾಗದದಾಗ? ಓದಿ ಹೇಳು."

ನಕಲು ಇತ್ತು, ಓದಿದೆ. ಕೇಳಿದಳು. ರೊಟ್ಟಿ ಮುರಿಯುತ್ತಲೇ ಇದ್ದಳು.

"ಎಂಜಿನ್ ಬಂದ್ ಮಾಡಿದವ ಯಾರಂತ ಅದರಾಗ ಇಲ್ಲಲ್ಲ."

"ಇಲ್ಲ."

"ಊರ ಗೌಡ್ರು ವರ್ಷಾ ಬರದು ಕಳಸತಿದ್ರಲ್ಲ, ಮಾದಿಗರ ಕೇರಿಗೆ ನೀರಿನ ತೊಂದ್ರಿ ಇಲ್ಲ ಅಂತ. ಅದೂ ಹಿಂಗ ಇತ್ತೇನು, ಓದಾಕ ಇಷ್ಟು ಚಂದ?"

"ಚಿಗವ್ವ, ಇದು ಹೋದ್ರ ಬೋರ್ ಹೋಗ್ತದ. ನಿನ್ನ ತಲಿ ಮ್ಯಾಲಿನ ಕೊಡ ಇಳಿಯಂಗಿಲ್ಲ."

"ನನ್ನ ತಲಿ ಸುದ್ದಿ ನಾ ನೋಡ್ಕೋತೀನಿ. ನಿನ್ನ ತಲಿ ಸುದ್ದಿ ನೀ ನೋಡ್ಕೋ."

ಅವಳಿಗೆ ಏನು ಗೊತ್ತು ಎಂದು ಬರೆಯಲು ಹೊರಟೆ. ಅವಳಿಗೆ ಗೊತ್ತು. ಕೇರಿಯ ಎಲ್ಲರಿಗೂ ಗೊತ್ತು. ನಾನು ಕೀಲಿ ತಿರುವಿದ್ದನ್ನು ನೂರು ಜನ ಕಂಡಿದ್ದಾರೆ. ಈ ವಹಿಯಲ್ಲಿ ಹನ್ನೊಂದು ದಿನದಿಂದ ಬರೆದದ್ದನ್ನು ತಿರುಗಿಸಿ ನೋಡಿದೆ. ಗುತ್ತಿಗೆದಾರ ಇದ್ದಾನೆ, ಹಳೆಯ ಮಿಷನ್ನು ಇದೆ, ಬಿಸಿಲು ಇದೆ. ಹದಿನೆಂಟನೇ ತಾರೀಕಿನ ಪುಟದಲ್ಲಿ ನಾನೂ ಇದ್ದೇನೆ, ಎದೆ ತುಂಬಿಕೊಂಡು.

೨೯ ಸೆಪ್ಟೆಂಬರ್, ಗುರುವಾರ

ಗದ್ವಾಲಕ್ಕೆ ಹೋಗಿ ಬಂದೆ. ಬಸ್ಸಿಲ್ಲ. ಆತ್ಮಕೂರಿನ ತನಕ ಹಾಲಿನ ಗಾಡಿ, ಅಲ್ಲಿಂದ ಜುರಾಲಾ ಅಣೆಕಟ್ಟೆ ನಡೆದೇ ದಾಟಿದೆ. ಕಟ್ಟೆಯ ಒಂದು ಕಡೆ ಕೃಷ್ಣೆ ಸಮುದ್ರದ ಹಾಗೆ ನಿಂತಿದ್ದಳು. ಇಷ್ಟು ನೀರು ನೋಡಿದಾಗ ಬರುತ್ತಿದ್ದ ಸಿಟ್ಟು ಇವತ್ತು ಬರಲಿಲ್ಲ. ಕಾಲು ನೋಯುತ್ತಿತ್ತು, ಅಷ್ಟೆ.

ಗುತ್ತಿಗೆದಾರ ಕೂರು ಎನ್ನಲಿಲ್ಲ. ಪಂಚನಾಮೆ ಸುಳ್ಳು, ಎಂಜಿನ್ ನಿಲ್ಲಿಸಿದವನು ನಾನು ಎಂದೆ. ಅವನು ಲೆಕ್ಕದ ವಹಿಯಿಂದ ತಲೆ ಎತ್ತಿದ. ನನ್ನಂಥವರನ್ನು ಅವನೂ ನಾಲ್ಕು ದಿಕ್ಕಿನಿಂದ ಕಂಡಿರಬೇಕು, ಈ ದಿಕ್ಕಿನಿಂದ ಕಂಡಿರಲಿಲ್ಲ.

"ರಾಸಿವ್ವಂಡಿ" ಎಂದು ಕಾಗದ ದೂಡಿದ. ಬರೆದುಕೊಟ್ಟೆ. ಓದಿ ಮಡಚಿ ಮೇಜಿನ ಖಾನೆಗೆ ಹಾಕಿದ. ಊರಿನವರ ತಪ್ಪಾದ್ದರಿಂದ ಹೊಸ ಬೋರಿಲ್ಲ, ಲಾರಿ ನಾಳೆಯೇ ವಾಪಸು. ಡ್ರಿಲ್ಲರನ ಮೇಲೆ ತಪ್ಪಿನ ಹೊರೆ ಇಲ್ಲ, ಆದರೆ ಹ್ಯಾಮರು ಕೆಳಗಿರುವವನಿಗೆ ಲಾರಿಯೂ ಇಲ್ಲ. ಸತ್ಯದಿಂದ ಅವನಿಗೆ ಒಂದು ತೂತು ಉಳಿಯಿತು. ನಮಗೆ ಏನೂ ಉಳಿಯಲಿಲ್ಲ.

ಸಂಜೆ ಕೇರಿಯವರನ್ನು ಕೂಡಿಸಿ ಹೇಳಿದೆ. ಮೈಕಿಲ್ಲದೆ ಹೇಳಲು ಎರಡು ನಿಮಿಷ ಸಾಕಾಯಿತು. ಆಮೇಲೆ ಕಿಷ್ಟಮ್ಮ ಎದ್ದಳು.

"ಮಾಸ್ತರಗ ಖರೇ ಹೇಳಿದ ಹೆಸರು ಬಂತು. ನಮಗ ಕೊಡ ಬಂತು. ಭೇಷ್ ಹಂಚಿದ್ರಿ ನೋಡ್ರಿ!"

ಕೆಲವರು ಉಗುಳಿ ಎದ್ದರು. ಸರಿಯಾಗಿಯೇ ಇದೆ.

೩೦ ಸೆಪ್ಟೆಂಬರ್, ಶುಕ್ರವಾರ

ಬೆಳಿಗ್ಗೆ ಗುರುಲಿಂಗ ಕತ್ತರಿಸುವ ಗ್ಯಾಸ್ ಬಂಡಿ ತಂದ. ಬೇವಿನ ಮರದ ಹತ್ತಿರ ಹೋದಾಗ ಲಾರಿಯ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಕಿಷ್ಟಮ್ಮ ಕೂತಿದ್ದಳು. ಹಿಂದಿನ ಚಕ್ರಕ್ಕೆ ಬುಚ್ಚಮ್ಮ. ನಡುವೆ ಇಪ್ಪತ್ತು ಮೂವತ್ತು ಹೆಂಗಸರು, ಎಲ್ಲರ ಮುಂದೆಯೂ ತುಂಬಿದ ಕೊಡ.

"ಏನವ್ವಾ, ತೆಲಂಗಾಣ ಬೇಕೇನು?" ಎಂದ ಗುರುಲಿಂಗ.

"ಅದು ಆಮ್ಯಾಲ" ಎಂದಳು ಕಿಷ್ಟಮ್ಮ. "ಮೊದಲ ನಿನ್ನ ರಾಡ್ ತೆಗದುಕೊಂಡು ಹೋಗು. ಕತ್ತರಿಸಿ ನಮ್ಮ ಕೇರ್ಯಾಗ ಕಬ್ಬಿಣ ಹುಗಿಯಾಕ ಇದೇನು ನಿಮ್ಮಪ್ಪನ ಸುಡುಗಾಡೇನು?"

ನನ್ನ ಕಡೆ ಅವಳು ನೋಡಲಿಲ್ಲ. ಸಂಚಾಲಕನನ್ನು ಯಾರೂ ಕೇಳಿರಲಿಲ್ಲ. ಹಂಡೆ ಮತ್ತೆ ಕುದಿಯುತ್ತಿತ್ತು. ವಾಸನೆ ಸಾಬೂನೂ ಬಿದ್ದಿತ್ತು, ಕೇರಿಯೆಲ್ಲ ಮದುವೆಮನೆಯ ಹಾಗೆ ಘಮಘಮಿಸುತ್ತಿತ್ತು.

ನಾನು ಜಾಕಿಯ ನನ್ನ ಕಡೆಗೆ ಹೋಗಿ ಕೂತೆ. ಮಾರ್ಕಂಡೇಯ ತಲೆಯಾಡಿಸಿದ. "ಇವತ್ತು ಎತ್ತಾದು ಬ್ಯಾಡ ಸಾರ್. ಜಾಕಿ ತೆಗೀರಿ. ಒಂಬತ್ತು ದಿನ ಎತ್ತಿ ಎತ್ತಿ ಗಂಟು ಬಿಗಿ ಮಾಡೀವಿ. ನೂಲು ಸಿಕ್ಕಾದ್ರ ಹಿಂದಕ್ಕ ಸಡಲ ಬಿಡಬೇಕು. ಕೆಳಗ ಒತ್ತೂನು."

ಹದಿನಾರಲ್ಲ, ನಲವತ್ತು ಕೊಡ ಹೊಯ್ದೆವು. ಮಿಷನ್ನಿನ ಭಾರವನ್ನೆಲ್ಲ ರಾಡಿನ ಮೇಲೆ ಬಿಟ್ಟ. ಗಾಳಿಯನ್ನು ಸ್ವಲ್ಪ ಸ್ವಲ್ಪ ಬಿಟ್ಟು ನಿಲ್ಲಿಸಿದ, ಮಗುವಿನ ಬಾಯಿಗೆ ಹಾಲು ಹಾಕುವವರ ಹಾಗೆ. ಹತ್ತು ಗಂಟೆಗೆ ನನ್ನ ಸುಣ್ಣದ ಗೆರೆ ಒಂದು ಗೇಣು ಕೆಳಗಿಳಿಯಿತು. ಅವನು ಸುತ್ತು ಕೊಟ್ಟ. ರಾಡು ಕಾಲು ಸುತ್ತು ತಿರುಗಿ ನಿಂತಿತು. ಮತ್ತೆ ಕೊಟ್ಟ. ಅರ್ಧ. ಕೆಳಗಿನಿಂದ ಬೂದಿ ಬಣ್ಣದ ನೊರೆ ಉಕ್ಕಿ ನಮ್ಮ ಕಾಲೆಲ್ಲ ಮುಚ್ಚಿತು. ಆಮೇಲೆ ಅದು ಸುತ್ತಿತು. ಸುತ್ತುತ್ತಲೇ ಇತ್ತು.

ಒಬ್ಬರೂ ಜೈಕಾರ ಹಾಕಲಿಲ್ಲ. ಮಾರ್ಕಂಡೇಯ ಒಂದೊಂದೇ ರಾಡು ತೆಗೆದ. ಎಣಿಸುವವರು ನಾವೆಲ್ಲ. ಹನ್ನೊಂದು. ಕೊನೆಗೆ ಹ್ಯಾಮರು, ಗಚ್ಚು ಮೆತ್ತಿದ್ದು, ಕೊರೆಯುವ ಗುಂಡುಗಳಲ್ಲಿ ನಾಲ್ಕು ಉದುರಿದ್ದು. ಅವನು ಅದನ್ನು ಸೆರಗಿನಿಂದ ಒರೆಸುವವರ ಹಾಗೆ ಅಂಗಿಯಿಂದ ಒರೆಸಿದ.

ಗುರುಲಿಂಗ ಗ್ಯಾಸ್ ಬಂಡಿ ತಿರುಗಿಸಿದ. "ಆತಲ್ಲ, ನಡೀರಿನ್ನ" ಎಂದ.

"ನೀ ನಡಿ ಅಣ್ಣ, ಬಂದೆ" ಎಂದು ಮಾರ್ಕಂಡೇಯ ಹ್ಯಾಮರನ್ನು ಮತ್ತೆ ಅದೇ ತೂತಿಗೆ ಇಳಿಸಿದ.

೨ ಅಕ್ಟೋಬರ್, ಭಾನುವಾರ

ನಿನ್ನೆ ಸಂಜೆ ಇನ್ನೂರ ಐವತ್ತೆರಡು ಅಡಿಯಲ್ಲಿ ನೀರು ಬಿತ್ತು. ದೊಡ್ಡ ನೀರಲ್ಲ. ಒಂದು ಕೈಪಂಪಿಗೆ ಸಾಕು ಎಂದ. ಮೊದಲು ಬಂದದ್ದೆಲ್ಲ ನೊರೆ. ಹೆಂಗಸರು ಅದರಲ್ಲೇ ಕೈಕಾಲು ತೊಳೆದುಕೊಂಡರು. "ಮಗಳ ಮದುವಿ ಸಾಬೂನು ತಿಂದು ಕಾರಿಕೊಂತು ನೋಡು" ಎಂದಳು ಕಿಷ್ಟಮ್ಮ.

ಪಂಪು ಕೂರಿಸಬೇಕಾದ ಸರ್ಕಾರಿ ನೌಕರರು ಸಮ್ಮೆಯಲ್ಲಿದ್ದಾರೆ. ಬೋರಿನ ಬಾಯಿಗೆ ಕಲ್ಲು ಮುಚ್ಚಿದ್ದೇವೆ. ಬುಚ್ಚಮ್ಮ ಇವತ್ತೂ ಹಳ್ಳಕ್ಕೆ ಹೋದಳು.

ಸಮಿತಿ ಸಭೆ ಸೇರಿ ನನ್ನನ್ನು ಸಂಚಾಲಕತನದಿಂದ ತೆಗೆಯಿತು. ಸಮ್ಮೆಗೆ ಕೆಟ್ಟ ಹೆಸರು ತಂದೆನಂತೆ. ನಾಳೆ ಶಿಬಿರಕ್ಕೆ ಹೋಗಬೇಕು. ಹಿಂದಿನ ಸಾಲಿನಲ್ಲಿ ಜಾಗ ಇರುತ್ತದೆ.

೪ ಅಕ್ಟೋಬರ್, ಮಂಗಳವಾರ

ಧಣಿಯ ಅಪ್ಪಣೆ ಇಲ್ಲದೆ ಕೊರೆದದ್ದಕ್ಕೆ ಮಾರ್ಕಂಡೇಯನನ್ನು ಕೆಲಸದಿಂದ ತೆಗೆದರು. ಲಾರಿ ಬೇರೆಯವನು ಬಂದು ಒಯ್ದ. ಇವನು ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ.

"ಒಂದು ಕಾಗದ ಬರದುಕೊಡ್ರಿ ಸಾರ್. ಬ್ಯಾರೆ ಲಾರಿಯವರಿಗೆ ತೋರಿಸಾಕ. ಹ್ಯಾಮರ್ ಬಿಟ್ಟು ಬಂದಾನ ಅಂತ ಸುದ್ದಿ ಹಬ್ಬೇತಿ."

ಬರೆದೆ. 'ಮಾರ್ಕಂಡೇಯ ನಮ್ಮ ಕೇರಿಯಲ್ಲಿ ಬೋರು ಕೊರೆದನು. ಹ್ಯಾಮರು ಸಿಕ್ಕಿದ್ದು ನಾನು ಎಂಜಿನ್ ನಿಲ್ಲಿಸಿದ್ದರಿಂದ. ಬಿಡಿಸಿದ್ದು ಆತ. ರಾಡು ಹನ್ನೊಂದೂ ಮೇಲೆ ಬಂದಿವೆ. ನೀರಿದೆ.' ಸಹಿ ಮಾಡಿದೆ. ನನ್ನೊಬ್ಬನ ಸಹಿಗೆ ಈಗ ಬೆಲೆಯಿಲ್ಲ. ಬುಚ್ಚಮ್ಮ ಹೆಬ್ಬೆಟ್ಟು ಒತ್ತಿದಳು. ಅವಳನ್ನು ನೋಡಿ ಕಿಷ್ಟಮ್ಮ, ಅವಳ ಹಿಂದೆ ಉಳಿದವರು. ಕಾಗದದ ಹಿಂಬದಿಯೂ ತುಂಬಿತು.

"ಇಷ್ಟು ಹೆಬ್ಬೆಟ್ಟು ನೋಡಿದ್ರ ಯಾರೂ ಕೆಲಸ ಕೊಡಂಗಿಲ್ರಿ" ಎಂದು ಮಾರ್ಕಂಡೇಯ ನಕ್ಕ. "ಯೂನಿಯನ್ನಿನ ಲೀಡರ್ ಬಂದಾನ ಅಂತ ಓಡಿಹೋಗ್ತಾರ."

ಆಮೇಲೆ ನಿಂತೇ ಓದಿಸಿಕೊಂಡ. ಎರಡು ಸಲ ಓದಿಸಿದ.

"ಎಂಜಿನ್ ಯಾಕ ನಿಲ್ಲಿಸಿದ್ರಿ ಅಂತ ಬರದಿಲ್ಲಲ್ರಿ."

ಅದು ಬೇಡವೆಂದು ಬಿಟ್ಟೆ ಎಂದೆ.

"ಬರೀರಿ. ತೆಲಂಗಾಣದ ಸಮ್ಮಿ ಇತ್ತು, ಅದಕ್ಕ ಅಂತ ಬರೀರಿ. ಸಮ್ಮಿ ತಪ್ಪಲ್ರಿ. ನನ್ನ ಕೇಳಿದ್ದಿದ್ರ ಅರ್ಧ ತಾಸಿನಾಗ ರಾಡ್ ಎತ್ತಿ ನಾನಽ ಬಂದ್ ಮಾಡಿ, ನಿಮ್ಮ ಮಗ್ಗಲದಾಗ ಕುಂತು ಉಣತಿದ್ದೆ. ಆ ಸಮ್ಮಿ ನಂದೂ ಐತಲ್ರಿ."

ಕಾಗದದಲ್ಲಿ ಜಾಗ ಇರಲಿಲ್ಲ. ಹೆಬ್ಬೆಟ್ಟುಗಳ ನಡುವೆ ಸಣ್ಣ ಅಕ್ಷರದಲ್ಲಿ ಬರೆದೆ.